ಬೀಗದಂಗಡಿಯಲ್ಲಿ ಕೂತು ಕೇಳಿದ ಸ್ಪೀಕರ್

ಹೋದ ವಾರ ನಮ್ಮ ಮನೆಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಬಂತು. ಮಗಳು ಅದರ ಟೇಪು ಹರಿದು, ಥರ್ಮೋಕೋಲ್ ಕಿತ್ತು ಹೊರಗೆ ಹಾಕಿದಾಗ ಒಂದು ವಾಸನೆ ಎದ್ದಿತು. ಹೊಸ ಪಾಲಿಶ್, ಅಂಟು, ಬಹಳ ಕಾಲ ಕತ್ತಲಲ್ಲಿ ಮುಚ್ಚಿಟ್ಟ ಗಾಳಿ, ಎಲ್ಲ ಸೇರಿದ ವಾಸನೆ. ಒಳಗಿದ್ದದ್ದು ಅವಳೇ ಆರಿಸಿ ತರಿಸಿದ ಸ್ಪೀಕರ್. ಹಾಡು ಹಾಕಿ, "ಹೇಗಿದೆ ಅಮ್ಮಾ?" ಎಂದಳು. ನಾನು ಉತ್ತರ ಹೇಳುವ ಬದಲು ಎದ್ದು ಹೊರಗೆ ಹೋಗಿ, ಬಾಗಿಲು ಎಳೆದುಕೊಂಡು, ಮೆಟ್ಟಿಲ ಬಳಿ ನಿಂತು ಕೇಳತೊಡಗಿದೆ. ಅವಳು ಬಾಗಿಲು ತೆಗೆದು ನನ್ನನ್ನು ನೋಡಿದ ನೋಟ ನನಗೆ ಚೆನ್ನಾಗಿ ಪರಿಚಯದ್ದು. ಒಂದು ಕಾಲದಲ್ಲಿ ನಾನೂ ಒಬ್ಬರನ್ನು ಹಾಗೆಯೇ ನೋಡಿದ್ದೆ.

ಅವರು ನನ್ನ ದೊಡ್ಡ ಮಾಮ, ಅವ್ವನ ಹಿರಿಯಣ್ಣ. ತಮಿಳುನಾಡಿನ ತೇನಿ ಜಿಲ್ಲೆಯ ಹನುಮಂತನಪಟ್ಟಿಯಲ್ಲಿ ದ್ರಾಕ್ಷಿ ತೋಟ ಇಟ್ಟುಕೊಂಡಿದ್ದವರು. ಅವರ ತಮ್ಮ ಚಿಕ್ಕ ಮಾಮನದೂ ಅದೇ ಊರು, ಅದೇ ಬೆಳೆ, ಅದೇ ಮನೆ. ನಮ್ಮ ಕಡೆಯ ಮನೆಗಳಲ್ಲಿ ಪ್ರೀತಿ ಕನ್ನಡದಲ್ಲಿ ನಡೆಯುತ್ತದೆ, ವ್ಯಾಪಾರ ತಮಿಳಿನಲ್ಲಿ, ಜಗಳ ಎರಡರಲ್ಲೂ. ಅಣ್ಣತಮ್ಮಂದಿರ ಜಗಳ ಹೀಗಾಯಿತು. ಒಂದು ವರ್ಷ ಹಣ್ಣು ಮಾಗಿ ತೂಗುತ್ತಿದ್ದಾಗ ದೊಡ್ಡ ಮಾಮ ದಿಂಡಿಗಲ್ಲಿನ ವ್ಯಾಪಾರಿಗೆ ಕೊಡೋಣವೆಂದರು. ಚಿಕ್ಕ ಮಾಮ ಕೇರಳದ ಗಡಿಯ ಕುಮಳಿ ದಾಟಿ ಬರುವ ಮಲೆಯಾಳಿ ವ್ಯಾಪಾರಿಗೇ ಕೊಡಬೇಕೆಂದರು. ಬಳ್ಳಿ ಹಬ್ಬಿಸಿದ ಪಂದಲಿನ ಕೆಳಗೆ ನಿಂತು ಇಬ್ಬರೂ ವಾದಿಸುತ್ತಿರುವಾಗಲೇ ಮಳೆ ಬಂತು. ಮಾಗಿದ ದ್ರಾಕ್ಷಿಗೆ ಮಳೆ ತಾಗಿದರೆ ಸಿಪ್ಪೆ ಬಿರಿಯುತ್ತದೆ. ಬಿರಿದ ಹಣ್ಣನ್ನು ದಿಂಡಿಗಲ್ಲಿನವನೂ ಕೊಳ್ಳಲಿಲ್ಲ, ಮಲೆಯಾಳಿಯೂ ಕೊಳ್ಳಲಿಲ್ಲ. ಮಳೆಯನ್ನು ಬೈದು ಪ್ರಯೋಜನವಿಲ್ಲವೆಂದು ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಬೈದುಕೊಂಡರು. ಮುಂದಿನ ಬೇಸಿಗೆಯ ಹೊತ್ತಿಗೆ ಉದ್ದನೆಯ ನಡುಮನೆಯ ಮಧ್ಯದಲ್ಲಿ ಒಂದು ಗೋಡೆ ಎದ್ದಿತ್ತು.

ಆ ಗೋಡೆ ತೊಲೆಯವರೆಗೆ ಹೋಗಿ ನಿಂತಿತ್ತು. ಅದರ ಮೇಲೆ ಹೆಂಚಿನವರೆಗೂ ಖಾಲಿ. ಇಟ್ಟಿಗೆ ಸಾಲಲಿಲ್ಲವೋ ಕೋಪ ಸಾಲಲಿಲ್ಲವೋ ನನಗೆ ಗೊತ್ತಿಲ್ಲ. ಆ ಸಂದಿಯಲ್ಲಿ ಈ ಕಡೆಯ ಒಗ್ಗರಣೆ ಆ ಕಡೆಗೂ ಆ ಕಡೆಯ ಕೆಮ್ಮು ಈ ಕಡೆಗೂ ಸಲೀಸಾಗಿ ಓಡಾಡುತ್ತಿದ್ದವು. ಅತ್ತೆಯಂದಿರಿಬ್ಬರೂ ಜಗಳವಾಡಿಯೇ ಇರಲಿಲ್ಲ. ಗಂಡಂದಿರ ಮರ್ಯಾದೆಗಾಗಿ ಮುಂಬಾಗಿಲಲ್ಲಿ ಮುಖ ತಿರುಗಿಸಿಕೊಂಡು, ಹಿತ್ತಲಿನಲ್ಲಿ ಸಾರು ಪಲ್ಯ ಬದಲಾಯಿಸಿಕೊಳ್ಳುತ್ತಿದ್ದರು. ನಾನು ತಂಗಿಯ ಮಗಳು. ನನಗೆ ಎರಡೂ ಕಡೆ ಎಲೆ ಹಾಕುತ್ತಿದ್ದರು.

ನಾನು ಹೇಳುತ್ತಿರುವುದು ತೊಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ. ಒಂದು ವರ್ಷ ದೀಪಾವಳಿ ಕಳೆದ ಮೇಲೆ ಚಿಕ್ಕ ಮಾಮ ಪಂದಲಿನ ತಂತಿ ಬಿಗಿಯಲು ಕಲ್ಲುಕಂಬ ಹತ್ತಿ, ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ತೇನಿಯ ಆಸ್ಪತ್ರೆಯಲ್ಲಿ ಪ್ಲೇಟು ಹಾಕಿ, ಕೆಲವು ತಿಂಗಳು ಮಂಚ ಬಿಟ್ಟು ಏಳಬಾರದೆಂದು ಹೇಳಿ ಕಳಿಸಿದರು. ಫ್ಯಾನು ಅಲ್ಲೇ ಇದ್ದುದರಿಂದ ಆ ಗೋಡೆಗೆ ಒತ್ತಿಯೇ ಮಂಚ ಹಾಕಿದರು. ದಿನವಿಡೀ ತೋಟದಲ್ಲಿ ಹಾಡು ಗುನುಗಿಕೊಂಡು ಓಡಾಡುತ್ತಿದ್ದ ಮನುಷ್ಯ, ಒಂದು ಮಾತೂ ಆಡದೆ ಹೆಂಚು ನೋಡುತ್ತಾ ಮಲಗಿಬಿಟ್ಟರು. ಅನ್ನ ಕೊಟ್ಟರೆ ಸಾಕು ಎನ್ನುವುದು, ಬಂದವರ ಕಡೆ ತಿರುಗದೇ ಇರುವುದು, ಹೀಗೆ. "ಕಾಲು ಸರಿಯಾಗುತ್ತೆ, ಅಮ್ಮಣಿ. ಆಳು ಸರಿಯಾಗ್ತಾನೋ ಇಲ್ವೋ" ಎಂದು ಚಿಕ್ಕತ್ತೆ ಹಿತ್ತಲಲ್ಲಿ ಕಣ್ಣೊರೆಸಿಕೊಂಡರು.

ದೊಡ್ಡ ಮಾಮ ಆಸ್ಪತ್ರೆಗೂ ಹೋಗಲಿಲ್ಲ, ಮಂಚದ ಹತ್ತಿರಕ್ಕೂ ಹೋಗಲಿಲ್ಲ. ಬದಲಿಗೆ, ಹೋಮ್ ಥಿಯೇಟರ್ ಕೊಳ್ಳುವುದಾಗಿ ಊರಿಗೆಲ್ಲ ಸಾರಿಕೊಂಡು ಬಂದರು. ಆಗ ಆ ಮಾತೇ ಹೊಸದು. ಉತ್ತಮಪಾಳಯದ ಯಾರದೋ ಮನೆಯಲ್ಲಿ ಆಳೆತ್ತರದ ಸ್ಪೀಕರುಗಳಿವೆ, ಸಿನಿಮಾ ಹಾಕಿದರೆ ಬೀದಿಯ ನಾಯಿಗಳು ಓಡಿಹೋಗುತ್ತವೆ ಎಂಬ ಸುದ್ದಿಯಿತ್ತು. "ಈಗ್ಯಾಕೆ ಮಾಮ?" ಎಂದು ಕೇಳಿದೆ. ಅವರು ಗೋಡೆಯ ಕಡೆ ಗದ್ದ ಎತ್ತಿ, "ಆ ಕಡೆ ಮಲಗವ್ನಲ್ಲ, ಅವ್ನಿಗೆ ನಿದ್ದೆ ಬರಬಾರ್ದು" ಎಂದರು. ಊರೆಲ್ಲ ಅದನ್ನು ನಂಬಿತು. ಅವರನ್ನು ಬಲ್ಲವರಿಗೆ ನಂಬದಿರಲು ಕಾರಣವೂ ಇರಲಿಲ್ಲ.

ಸ್ಪೀಕರ್ ಆರಿಸಲು ಪರಿಣತರು ಬೇಕಲ್ಲ. ಆ ಪಟ್ಟ ನನಗೆ ಬಂತು. ನಾನು ದಿಂಡಿಗಲ್ಲಿನ ಹಾಸ್ಟೆಲಿನಲ್ಲಿದ್ದುಕೊಂಡು ಭೌತಶಾಸ್ತ್ರ ಓದುತ್ತಿದ್ದೆ. "ನಮ್ಮಮ್ಮಣಿ ಸೌಂಡೇ ಓದ್ತಾ ಅವ್ಳೆ" ಎಂದು ಮಾಮ ಎಲ್ಲರಿಗೂ ಹೇಳಿದ್ದರು. ನಿಮ್ಮಲ್ಲಿ ಮುಚ್ಚಿಡುವುದೇಕೆ, ನಾನು ಅಷ್ಟರಲ್ಲಿ ಮಾಡಿದ್ದು ಶ್ರುತಿಕವೆಯನ್ನು ರಬ್ಬರಿಗೆ ಬಡಿದು ನೀರಿನ ಕೊಳವೆಯ ಬಾಯಿಗೆ ಹಿಡಿದದ್ದು, ಅಷ್ಟೇ. ಆದರೂ ವೂಫರ್, ಟ್ವೀಟರ್ ಎಂಬ ಎರಡು ಪದಗಳನ್ನು ಹಾಸ್ಟೆಲಿನ ಗೆಳತಿಯಿಂದ ಕಲಿತು, ಸಂದರ್ಭ ಸಿಕ್ಕಾಗಲೆಲ್ಲ ಉದುರಿಸಲು ಸಿದ್ಧಳಾಗಿದ್ದೆ.

ದಿಂಡಿಗಲ್ಲಿನ ಅಂಗಡಿಗೆ ದೊಡ್ಡತ್ತೆಯೂ ಜೊತೆಗೆ ಬಂದರು. ಅವರು ಆಂಡಿಪಟ್ಟಿಯ ಒಣಭೂಮಿಯಿಂದ ಬಂದ ಸೊಸೆ. ನೀರನ್ನೂ ಮಾತನ್ನೂ ಅಳೆದು ಖರ್ಚು ಮಾಡುವವರು. ಅಂಗಡಿಯಲ್ಲಿ ಎದೆಯೆತ್ತರದ ಸ್ಪೀಕರುಗಳು ಜೋಡಿ ಜೋಡಿಯಾಗಿ ಮದುವೆಗೆ ನಿಂತಂತೆ ನಿಂತಿದ್ದವು. ಅತ್ತೆ ಒಂದರ ನೆತ್ತಿಯ ಮೇಲೆ ಬೆರಳಾಡಿಸಿ ಧೂಳು ನೋಡಿಕೊಂಡು, "ಎರಡು ಸೊಸೇರ್ನ ತಂದಂಗೇ. ಮೂಲೇಲಿ ನಿಂತ್ಕೊಂಡು ಕೂಗೋದು ಅವು, ಒರೆಸೋದು ಮಾತ್ರ ನಾನು" ಎಂದರು.

ಅಂಗಡಿಯ ಹುಡುಗ ನಮ್ಮನ್ನು ಒಂದು ಸೋಫಾದ ನಡುಮಧ್ಯಕ್ಕೆ ಕೂರಿಸಿದ. "ಇಲ್ಲಿ ಕೂತ್ರೇನೇ ಸಾರ್ ಸರಿಯಾದ ಸೌಂಡು" ಎಂದು ತಮಿಳಿನಲ್ಲಿ ಹೇಳಿ ಒಂದು ಡಿಸ್ಕ್ ಹಾಕಿದ. ಗಾಜು ಒಡೆಯಿತು. ರೈಲು ಬಂತು. ಹೆಲಿಕಾಪ್ಟರ್ ತಲೆಯ ಮೇಲೆ ಹಾರಿತು, ಅತ್ತೆ ಸೆರಗು ಹೊದ್ದುಕೊಂಡರು. ನಾನು "ವೂಫರ್ ಪರವಾಗಿಲ್ಲ" ಎಂದೆ. ಮಾಮ ಮುಖ ಸಿಂಡರಿಸಿದರು. "ನಮ್ಮೂರಲ್ಲಿ ಎಲಿಕಾಪ್ಟರ್ ಇಲ್ಲಪ್ಪ. ಮನುಷ್ಯರು ಮಾತಾಡೋದು ಆಕು."

ಬರೀ ಮಾತಿನದು ಯಾವುದೂ ಅಂಗಡಿಯಲ್ಲಿರಲಿಲ್ಲ. ಹುಡುಗ ಮೇಜಿನ ಖಾನೆಯೆಲ್ಲ ತಡಕಾಡಿ ಒಂದು ಪಟ್ಟಿಮಂಡ್ರದ ಕ್ಯಾಸೆಟ್ ತೆಗೆದ. ಪೊಂಗಲ್ ಹಬ್ಬಕ್ಕೆ ವೇದಿಕೆ ಕಟ್ಟಿ ನಡೆಸುತ್ತಾರಲ್ಲ, ಆ ಹಾಸ್ಯದ ಚರ್ಚೆ. ಮನೆ ನಡೆಸುವವಳು ಅತ್ತೆಯೋ ಸೊಸೆಯೋ ಎಂಬುದು ವಿಷಯ. ಮಾತು ಶುರುವಾಗುತ್ತಿದ್ದಂತೆ ಮಾಮ ಎದ್ದು ಹೊರಗೆ ನಡೆದೇಬಿಟ್ಟರು.

ಕೋಪ ಬಂತೇನೋ ಎಂದು ಹಿಂದೆಯೇ ಓಡಿದೆ. ಅವರು ಪಕ್ಕದ ಬೀಗದಂಗಡಿಗೆ ಹೋಗಿ, ಅಪ್ಪಣೆ ಕೇಳಿ, ಎರಡೂ ಅಂಗಡಿಗಳ ನಡುವಿನ ಗೋಡೆಗೆ ಸ್ಟೂಲು ಎಳೆದುಕೊಂಡು ಕೂತಿದ್ದರು. ದಿಂಡಿಗಲ್ಲಿನ ಬೀಗಗಳು ಗೊಂಚಲು ಗೊಂಚಲಾಗಿ ಅವರ ತಲೆಯ ಸುತ್ತ ತೂಗುತ್ತಿದ್ದವು.

"ಬಾಗಿಲು ಮುಚ್ಚಿ ಆಕು ಅನ್ನು, ಅಮ್ಮಣಿ."

"ಸ್ಪೀಕರ್ ಆ ಕಡೆ ಐತೆ ಮಾಮ."

"ಕಿವಿ ಈ ಕಡೆ ಐತೆ. ನೀನೋಗು."

ನಾನು ಅಲ್ಲಿಂದಿಲ್ಲಿಗೆ ಓಡಾಡುತ್ತಾ ಹೋದೆ. ನೆಲವೇ ನಡುಗುತ್ತದೆಂದು ಹುಡುಗ ಹೊಗಳಿದ ಜೋಡಿಯನ್ನು ಮೊದಲು ಹಾಕಿದೆವು. "ಧಂ ಧಂ ಅನ್ನೋದು ಬಿಟ್ರೆ ಏನಿಲ್ಲ. ಮಾತೆಲ್ಲೋಯ್ತು?" ಎಂದರು ಮಾಮ. ನನ್ನ ಸಮಯ ಬಂತೆಂದುಕೊಂಡು, ದಪ್ಪ ಸದ್ದು ಅಡ್ಡವನ್ನು ಬಳಸಿಕೊಂಡು ಹೋಗುತ್ತದೆ, ತೆಳು ಸದ್ದು ಅಡ್ಡಕ್ಕೇ ನಿಲ್ಲುತ್ತದೆ, ಮಾತಿನ ಸ್ಪಷ್ಟತೆ ಇರುವುದು ತೆಳು ಸದ್ದಿನಲ್ಲಿ ಎಂದೆಲ್ಲ ಉಪನ್ಯಾಸ ಕೊಟ್ಟೆ. ಅವರು ಗಮನವಿಟ್ಟು ಕೇಳಿ, "ಅಂಗಾದ್ರೆ ಮಾತು ದಾಟೋ ಪೆಟ್ಟಿಗೆ ಯಾವ್ದು?" ಎಂದರು. ಅದು ನಮ್ಮ ಪಠ್ಯದಲ್ಲಿರಲಿಲ್ಲ.

ಜೋಡಿಗಳು ಬದಲಾದವು. ಹುಡುಗ ಬೆವರಿದ. ಕೊನೆಗೆ ಕಪ್ಪು ಬಟ್ಟೆ ಮುಚ್ಚಿದ, ಎತ್ತರವಾದ, ಸಣಕಲು ಜೋಡಿಯೊಂದನ್ನು ಮನಸ್ಸಿಲ್ಲದೆ ಹಚ್ಚಿದ. ನಾನು ಬೀಗದಂಗಡಿಗೆ ಬರುವಷ್ಟರಲ್ಲಿ ಅಲ್ಲಿನ ಯಜಮಾನರು ಗಿರಾಕಿಯನ್ನು ಮರೆತು ಗೋಡೆಯ ಕಡೆ ತಿರುಗಿ ನಗುತ್ತಿದ್ದರು. ಆ ಕಡೆ ಕ್ಯಾಸೆಟ್ಟಿನಲ್ಲಿ ಸೊಸೆಯ ಪಕ್ಷದವರು ಏನೋ ಹೇಳಿದ್ದರು. ಮಾಮ ಯಜಮಾನರ ಮುಖ ನೋಡಿ, "ಇದೇ" ಎಂದು ಎದ್ದರು.

"ಸಾರ್, ಇದ್ರಲ್ಲಿ ಬೇಸ್, ಆ ಧಂ ಧಂ ಸೌಂಡು, ಕಮ್ಮಿ" ಎಂದ ಹುಡುಗ, ಪ್ರಾಮಾಣಿಕನಾಗಿ.

"ಇರ್ಲಿ."

"ಟಿವಿ ಹೊಸದು ತೋರಿಸ್ಲಾ?"

"ಇರೋದು ಸಾಕು."

ಅತ್ತೆ ಅಲ್ಲಿಯವರೆಗೂ ಸೋಫಾದಲ್ಲೇ ಕೂತಿದ್ದವರು ನಿಧಾನವಾಗಿ, "ಏನುಂಗ, ನಿದ್ದೆ ಕೆಡಿಸೋಕೆ ಆ ಧಂ ಧಂ ಅನ್ನೋದೇ ವಾಸಿ ಅಲ್ವಾ?" ಎಂದರು. ಮಾಮ ಆ ಮಾತು ಕೇಳಿಸದವರಂತೆ ಬೀದಿಯ ಆಚೆ ಹೋಗುತ್ತಿದ್ದ ಬಸ್ಸಿನ ಬೋರ್ಡು ಓದತೊಡಗಿದರು.

ದ್ರಾಕ್ಷಿ ಇಳಿಸಿ ಖಾಲಿ ಹೋಗುತ್ತಿದ್ದ ಲಾರಿಯಲ್ಲಿ, ಹುಲ್ಲಿನ ಮೇಲೆ ಮಲಗಿ, ಸ್ಪೀಕರುಗಳು ಊರಿಗೆ ಬಂದವು. ಅವುಗಳ ನಡುವೆ ಹಳೆಯ ಸಣ್ಣ ಟಿವಿ, ಎರಡು ಆನೆಗಳ ನಡುವಿನ ಮೊಲದಂತೆ ಕೂತಿತು. ಮಾಮ ಪ್ರತಿ ಸ್ಪೀಕರಿನ ಮುಂದಿನ ಅಂಚಿಗೆ ಇಟ್ಟಿಗೆಯ ಚೂರು ಕೊಟ್ಟು, ಮುಖವನ್ನು ಮೇಲೆತ್ತಿ ನಿಲ್ಲಿಸಿದರು. ನೇರವಾಗಿ ಗೋಡೆಯ ಮೇಲಿನ ಸಂದಿಗೆ ಗುರಿ. ಈ ಕಡೆ ಕೂತವರ ತಲೆಯ ಮೇಲೆ ಸದ್ದು ಹಾರಿಹೋಗುತ್ತದಲ್ಲ ಎಂದು ನಾನು ಆಕ್ಷೇಪಿಸಿದೆ. "ಓದ್ರೆ ಓಗ್ಲಿ" ಎಂದರು.

ಮೊದಲ ಭಾನುವಾರ ಮಧ್ಯಾಹ್ನ ಒಂದು ತಮಿಳು ಸಿನಿಮಾ ಹಾಕಿದರು. ಮಾತು ಸಂದಿ ದಾಟಿ ಹೋಗುತ್ತಿತ್ತು. ಆದರೆ ಒಂದು ಹಂತದಲ್ಲಿ ಪರದೆಯ ಮೇಲೆ ಯಾರೂ ಮಾತಾಡಲಿಲ್ಲ, ಬರೀ ವಾದ್ಯದ ಸದ್ದು. ದೊಡ್ಡ ಮಾಮ ಚಡಪಡಿಸಿದರು. ಗಂಟಲು ಸರಿಮಾಡಿಕೊಂಡರು. ಆಮೇಲೆ ಹೊಲದಾಚೆ ಇದ್ದವರನ್ನು ಕರೆಯುವ ದನಿಯಲ್ಲಿ, ಕನ್ನಡದಲ್ಲಿ ಶುರುಮಾಡಿದರು.

"ಈಗ ಅವ ಬಾಗ್ಲ ತಾವ ನಿಂತವ್ನೆ. ಕೈಲಿ ಕತ್ತಿ ಐತೆ. ಅವ್ಳಿಗೆ ಗೊತ್ತಿಲ್ಲ, ಹಾಲು ಕಾಯಿಸ್ತಾ ಅವ್ಳೆ."

"ನನಗೂ ಕಣ್ಣೈತೆ" ಎಂದರು ದೊಡ್ಡತ್ತೆ.

"ನಿನಗ್ಯಾರು ಯೋಳಿದ್ದು?"

"ಮತ್ಯಾರಿಗೆ?"

ಮಾಮ ಪರದೆಯ ಕಡೆ ತಿರುಗಿಕೊಂಡರು. ಪರದೆಯ ಮೇಲೆ ಹಾಲು ಉಕ್ಕುತ್ತಿತ್ತು. ಆಗ ಗೋಡೆಯ ಆ ಕಡೆಯಿಂದ, ವಾರಗಳಿಂದ ಯಾರೂ ಕೇಳದಿದ್ದ ದನಿ, ತನ್ನ ಹೆಂಡತಿಗೆ ಹೇಳುವಂತೆ ಗಟ್ಟಿಯಾಗಿ ಬಂತು. "ಕತ್ತಿ ಯಾವ ಕೈಲಿ ಐತೆ ಅಂತ ಯೋಳ್ಳಿಲ್ಲ ನೋಡು."

ದೊಡ್ಡ ಮಾಮ ತಮ್ಮ ಹೆಂಡತಿಯ ಕಡೆ ತಿರುಗಿ, ಅದಕ್ಕಿಂತ ಗಟ್ಟಿಯಾಗಿ, "ಎಡಗೈಲಿ" ಎಂದರು.

ನಾನು ದೊಡ್ಡತ್ತೆಯನ್ನು ನೋಡಿದೆ. ಅವರು ಸೆರಗಿನಿಂದ ಸ್ಪೀಕರಿನ ನೆತ್ತಿ ಒರೆಸಲು ಎದ್ದುಹೋದರು. ಒರೆಸುವಂಥ ಧೂಳೇನೂ ಇರಲಿಲ್ಲ.

ಆಮೇಲೆ ಪ್ರತಿ ಭಾನುವಾರವೂ ಹೀಗೆಯೇ. ಅಣ್ಣ ತನ್ನ ಹೆಂಡತಿಗೆ ಕತೆ ಹೇಳುವುದು, ತಮ್ಮ ತನ್ನ ಹೆಂಡತಿಯ ಬಳಿ ತಪ್ಪು ಹುಡುಕುವುದು. ನಡುವೆ ಇಬ್ಬರು ಹೆಂಗಸರು ಅಂಚೆ ಪೆಟ್ಟಿಗೆಗಳಂತೆ ಕೂತಿರುವುದು. ಚಿಕ್ಕ ಮಾಮ ಊಟ ಕೇಳಿ ಬಡಿಸಿಕೊಂಡು ತಿನ್ನತೊಡಗಿದರು. ಕನ್ನಡ ಕೇಳಿ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದ ಎರಡೂ ಮನೆಯ ಮಕ್ಕಳು, "ಕತ್ತಿ ಎಡಗೈಲಿ ಐತೆ" ಎಂದು ಆಡಿಕೊಳ್ಳುತ್ತಾ ಬೀದಿಯಲ್ಲೆಲ್ಲ ಓಡಾಡಿದರು.

ಬೇಸಿಗೆ ಶುರುವಾದಾಗ ಒಂದು ಭಾನುವಾರ ಚಿಕ್ಕ ಮಾಮ ಕೋಲೂರಿಕೊಂಡು ಅಣ್ಣನ ಬಾಗಿಲಿಗೆ ಬಂದು ನಿಂತರು. ಸಿನಿಮಾ ಓಡುತ್ತಿತ್ತು. ಯಾರೂ ಅಲುಗಲಿಲ್ಲ. ಅವರು ಬಹಳ ಹೊತ್ತು ಪರದೆ ನೋಡಿದರು. ಇಷ್ಟು ವರ್ಷಗಳ ಮೇಲೆ ಅಣ್ಣನಿಗೆ ನೇರವಾಗಿ ಆಡಿದ ಮೊದಲ ಮಾತು ಇದು: "ಟಿವಿ ಇಷ್ಟೇನಾ? ನೀನು ಯೋಳೋದು ಕೇಳಿ ದೊಡ್ಡದಿರುತ್ತೆ ಅಂದ್ಕೊಂಡಿದ್ದೆ."

"ಕೂತ್ಕೊ" ಎಂದರು ದೊಡ್ಡ ಮಾಮ. ಆವತ್ತಿನಿಂದ ಅವರು ಕತೆ ಹೇಳುವುದನ್ನು ನಿಲ್ಲಿಸಿದರು. ಗೋಡೆಯನ್ನು ಕೆಡವಲಿಲ್ಲ. ಅದಕ್ಕೊಂದು ಬಾಗಿಲು ಕೊರೆಸಿದರು, ಕದ ಇಡಿಸಲಿಲ್ಲ.

ಮೊನ್ನೆ ಹನುಮಂತನಪಟ್ಟಿಗೆ ಹೋಗಿದ್ದೆ. ಇಬ್ಬರು ಮಾಮಂದಿರೂ ಎಂಬತ್ತು ದಾಟಿದ್ದಾರೆ. ಊಟವಾದ ಮೇಲೆ ನಡುಮನೆಯಲ್ಲಿ ಹಳೆಯ ಮಾತು ಎತ್ತಿದೆ. ದೊಡ್ಡ ಮಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದರು. ಅವರು ನಿದ್ದೆ ಹೋದರೆಂದು ತಿಳಿದು ಚಿಕ್ಕ ಮಾಮ ನನ್ನ ಕಡೆ ಬಾಗಿ, ದನಿ ತಗ್ಗಿಸಿದರು.

"ಒಂದು ಮಾತು ಯೋಳ್ತೀನಿ ಅಮ್ಮಣಿ. ತೈ ತಿಂಗಳಲ್ಲೇ, ಪೊಂಗಲ್ ಒತ್ತಿಗೇ, ನಾನು ನಡೀತಿದ್ದೆ. ಡಾಕ್ಟರು ಎದ್ದೋಡಾಡು ಅಂದಿದ್ರು. ಎದ್ರೆ ಇವ ಕತೆ ನಿಲ್ಲಿಸ್ತಾನೆ ಅಂತ ಮಲಗೇ ಇದ್ದೆ. ನಡೀಬೇಕಾದ್ರೆ ಬರಿಗಾಲಲ್ಲಿ, ಮೆತ್ತಗೆ."

"ಗೊತ್ತಿತ್ತು" ಎಂದರು ದೊಡ್ಡ ಮಾಮ, ಕಣ್ಣು ತೆರೆಯದೆ. "ಒಂದು ಕಾಲು ಎಳ್ಕೊಂಡು ನಡೆಯೋ ಸದ್ದು ದಿನಾ ಬರ್ತಿತ್ತು. ಅದಕ್ಕೇ ಉದ್ದುದ್ದ ಸಿನಿಮಾ ತರಿಸ್ತಿದ್ದೆ."

ನಾನು ಅತ್ತೆಯಂದಿರ ಕಡೆ ತಿರುಗಿದೆ. ಇಬ್ಬರೂ ಒಂದೇ ಮೊರಕ್ಕೆ ಕೈಯಿಟ್ಟು ನುಗ್ಗೆಸೊಪ್ಪು ಬಿಡಿಸುತ್ತಿದ್ದರು.

"ನಿಮಗೆ ಗೊತ್ತಿತ್ತಾ ಅತ್ತೆ?"

"ಹಿತ್ತಲಲ್ಲಿ ದಿನಾ ಅದೇ ಮಾತು" ಎಂದರು ಚಿಕ್ಕತ್ತೆ. ದೊಡ್ಡತ್ತೆ ಸೊಪ್ಪಿನಿಂದ ಕಣ್ಣೆತ್ತದೆ ಸೇರಿಸಿದರು: "ಚೆನ್ನಾಗಿ ನಡೀತಿತ್ತಲ್ಲ, ಅಮ್ಮಣಿ. ಅವರವರಿಗೆ ಯಾಕೆ ಯೋಳ್ಬೇಕು. ನಿನಗಂತೂ ಯಾಕೆ ಯೋಳ್ಬೇಕು."

ಎರಡೂ ಮನೆಯ ಗುಟ್ಟು ನನ್ನೊಬ್ಬಳ ಸೆರಗಿನಲ್ಲಿದೆ ಎಂದು ಇಷ್ಟು ವರ್ಷ ಬೀಗುತ್ತಿದ್ದವಳು ನಾನು. ಅವರ ಪಕ್ಕದಲ್ಲಿ ಕೂತು, ಒಂದು ಹಿಡಿ ಸೊಪ್ಪು ಎಳೆದುಕೊಂಡು ಬಿಡಿಸತೊಡಗಿದೆ.