ಕೆಂಚಿಯ ಒಡತಿ ಗುರುಲಿಂಗವ್ವ

ಗುಳೇದಗುಡ್ಡದ ನಮ್ಮ ಓಣಿಯಲ್ಲಿ ಗುರುಲಿಂಗವ್ವನ ಮಗ್ಗದ ಸದ್ದು ನಿಂತಿತೆಂದರೆ ಜನ ಇಣುಕಿ ನೋಡುತ್ತಾರೆ. ಒಂದೋ ಮನೆಯಲ್ಲಿ ಯಾರಿಗೋ ಮೈಯಲ್ಲಿ ನೆಟ್ಟಗಿಲ್ಲ, ಇಲ್ಲವೇ ಆಕೆ ಯಾರ ಜೊತೆಗೋ ಜಗಳಕ್ಕೆ ಹೊರಟಿದ್ದಾಳೆ. ಹುನಗುಂದದ ಕಡೆಯ ಹಳ್ಳಿಯಿಂದ ಹದಿನಾರನೇ ವಯಸ್ಸಿಗೆ ಸೊಸೆಯಾಗಿ ಬಂದವಳು ಇಂದಿಗೂ ದಿನವೆಲ್ಲ ಕುಪ್ಪಸದ ಖಣ ನೇಯುತ್ತಾಳೆ. ಕಳೆದ ವರ್ಷ ಒಂದು ಮಧ್ಯಾಹ್ನ ಆ ಸದ್ದು ನಿಂತಾಗ ಆಕೆ ಜಗಳಕ್ಕೆ ಬಂದದ್ದು ನನ್ನ ಹತ್ತಿರ.

ನಾನು ಶಂಕರಲಿಂಗ, ಆಕೆಯ ಮನೆಯಿಂದ ಮೂರನೇ ಮನೆಯವನು. ಜನ ದನದ ದವಾಖಾನಿ ಎನ್ನುವ ಪಶು ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಾಂಪೌಂಡರ್. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಜನ ಅರ್ಜಿಗಳಲ್ಲಿ ಬರೆಸುವ ಸುಳ್ಳುಗಳನ್ನು ಒಂದು ದಿನ ಆಕೆ ಓದಲಿ, ಆಮೇಲೆ ಮಾತಾಡಲಿ.

ಆ ತಿಂಗಳು ಪುರಸಭೆಯ ಆಟೋ ಓಣಿ ಓಣಿ ತಿರುಗಿ ಸಾರಿತ್ತು: ನಾಯಿ ಸಾಕಿದವರು ಲೈಸನ್ಸ್ ಮಾಡಿಸಬೇಕು, ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಬೇಕು, ನಾಯಿಯ ಕೊರಳಿಗೆ ಬಿಲ್ಲೆ ಕಟ್ಟಬೇಕು. ಬಿಲ್ಲೆ ಇಲ್ಲದ್ದು ಬೀದಿನಾಯಿ. ಅದನ್ನು ಬಲೆ ಹಾಕಿ ಹಿಡಿದು, ಮರಿಯಾಗದಂತೆ ಆಪರೇಷನ್ ಮಾಡಿ, ಕಿವಿಯ ತುದಿ ಕತ್ತರಿಸಿ ಗುರುತು ಮಾಡಿ, ಹಿಡಿದ ಜಾಗದಲ್ಲೇ ತಂದು ಬಿಡುತ್ತಾರೆ. ಸಾಕಿದ ನಾಯಿಗೆ ಆಪರೇಷನ್ ಮಾಡಿಸುವುದು ಬಿಡುವುದು ಮಾಲೀಕರ ಇಷ್ಟ. ಒಪ್ಪಿದವರಿಗೆ ನಮ್ಮಲ್ಲೇ ಶಿಬಿರ. ಅರ್ಜಿ ತುಂಬುವ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು.

"ತಮ್ಮಾ, ಕೆಂಚಿದೊಂದು ಲೈಸನ್ಸ್ ಬರಿ" ಎಂದಳು ಗುರುಲಿಂಗವ್ವ, ದವಾಖಾನಿಗೆ ಬಂದವಳೇ.

ಕೆಂಚಿ ನಮ್ಮ ಓಣಿಯ ಕಂದು ಹೆಣ್ಣುನಾಯಿ. ಬೆಳಿಗ್ಗೆ ಒಂದು ಮನೆಯ ರೊಟ್ಟಿ, ಸಂಜೆ ಇನ್ನೊಂದು ಮನೆಯ ನುಚ್ಚು ತಿಂದು ಹಿಟ್ಟಿನ ಗಿರಣಿಯ ಮುಂದೆ ಮಲಗುತ್ತದೆ. ಅದಕ್ಕೆ ಮಾಲೀಕರಿದ್ದಾರೆ ಎಂದರೆ ಗಿರಣಿಯ ಕಟ್ಟೆಯೂ ನಕ್ಕೀತು.

"ಅದು ಓಣಿ ನಾಯಿ ಹೌದಲ್ಲಬೇ ಅಕ್ಕಾ? ಯಾರ ಹೆಸರು ಹಾಕ್ಲಿ?" ಎಂದೆ.

"ಅದರ ಸತ್ತ ಮರಿ ಹುಗದಾಕಿ ನಾ. ನನ್ನ ಹೆಸರು ಹಾಕು. ಬಲಿ ಹಾಕಿ ಎಳಕೊಂಡು ಹೋಗೂದು ನನಗ ನೋಡಾಕ ಆಗೂದಿಲ್ಲ."

ಸುಳ್ಳು ಅರ್ಜಿ ಎಂದು ಹೇಳಬಹುದಿತ್ತು. ಆದರೆ ಹಿಂದೆ ಹತ್ತು ಜನ ನಿಂತಿದ್ದರು, ಆಕೆಯ ಬಾಯಿಗೆ ಸಿಗುವ ಧೈರ್ಯ ನನಗಿರಲಿಲ್ಲ. ವಿಳಾಸದ ಪುರಾವೆಗೆ ಮನೆಯ ಕಾಗದ ಕೇಳಿದೆ. ಮನೆ ಮಗ ವಿಜಯಮಹಾಂತೇಶನ ಹೆಸರಿಗೆ ಇತ್ತು. ಬೇರೆ ಏನಾದರೂ ಇದೆಯೇ ಎಂದು ಕೇಳಿದೆ. ಮಗ್ಗದ ಕಾಗದ ತೀರಿಹೋದ ಗಂಡನ ಹೆಸರಿನಲ್ಲಿತ್ತು. ಆ ಮಗ್ಗದಲ್ಲಿ ಕೂತು ನಲವತ್ತೈದು ವರ್ಷ ನೇಯ್ದವಳ ಹೆಸರಿನಲ್ಲಿ ಏನೂ ಇರಲಿಲ್ಲ. ಆಧಾರ್ ಕಾರ್ಡ್ ನೋಡಿ, 'ಮಾಲೀಕರ ಹೆಸರು' ಎಂಬಲ್ಲಿ ಗುರುಲಿಂಗವ್ವ ಎಂದು ಬರೆದೆ.

"ಓದಿ ಹೇಳು" ಎಂದಳು. ಓದಿದೆ. "ಇನ್ನೊಮ್ಮೆ ಓದು" ಎಂದಳು.

"ಸಾಕು ಬಿಡಬೇ, ಜಹಗೀರು ಸಿಕ್ಕಂಗ ಮಾಡಬ್ಯಾಡ" ಎಂದು ರೇಗಿಸಿದೆ. ಸಾಲಿನಲ್ಲಿದ್ದವರು ನಕ್ಕರು, ಆಕೆ ನಗಲಿಲ್ಲ. ನಾನು ಮುಂದಿನ ಸಾಲು ಓದಿದೆ: ಸಂತಾನಹರಣ ಶಸ್ತ್ರಚಿಕಿತ್ಸೆಗೆ ಮಾಲೀಕರ ಒಪ್ಪಿಗೆ, ಹೌದು ಅಥವಾ ಇಲ್ಲ.

"ಇದನ್ನ ಯಾರನ್ನ ಕೇಳಾಕತ್ತಾರ?"

"ನಿನ್ನನ್ನ ಕೇಳಾಕತ್ತಾರ. ಮಾಲೀಕಿ ನೀನ ಅಲ್ಲೇನು?"

ಅರ್ಜಿಯನ್ನು ನನ್ನ ಕೈಯಿಂದ ಕಸಿದುಕೊಂಡು, ಮಡಚಿ ಸೆರಗಿಗೆ ಕಟ್ಟಿಕೊಂಡು ಹೊರಟೇಬಿಟ್ಟಳು. ಮರುದಿನವೇ ಶಿಬಿರ. ಸಂಜೆಯೊಳಗೆ ಪಟ್ಟಿ ಕೊಡಬೇಕಿತ್ತು. ನನ್ನ ಪಿತ್ತ ನೆತ್ತಿಗೇರಿತು.

ಐದು ಗಂಟೆಗೆ ಆಕೆಯ ಮನೆಗೇ ಹೋದೆ. ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು, ನೇಯುತ್ತಿರಲಿಲ್ಲ. ಬಾಗಿಲಲ್ಲಿ ಕೆಂಚಿ ಮಲಗಿತ್ತು.

"ಒಂದು ಸಹಿಗೆ ಎಷ್ಟು ಹೊತ್ತಬೇ ಅಕ್ಕಾ? ಹೂಂ ಅನ್ನು, ಇಲ್ಲಾ ಒಲ್ಲೆ ಅನ್ನು" ಎಂದು ದನಿ ಎತ್ತಿಯೇ ಕೇಳಿದೆ.

ಆಕೆ ಮಗ್ಗದ ಮೇಲಿನ ಬಟ್ಟೆ ಸವರುತ್ತ ಹೇಳಿದಳು: "ನಾ ಇಪ್ಪತ್ಮೂರು ವರ್ಷದಾಕಿ ಇದ್ದೆ. ರಕ್ತ ತಪಾಸ ಮಾಡಿಸಬೇಕು ನಡಿ ಅಂತ ನಮ್ಮತ್ತಿ ಜೀಪಿನ್ಯಾಗ ಕುಂಡ್ರಿಸಿದ್ಲು. ಒಂದು ಕನ್ನಡ ಸಾಲಿಯೊಳಗ ಕ್ಯಾಂಪ್ ಇತ್ತು. ಕಾಗದಕ್ಕ ನಮ್ಮ ಮನಿಯವರು ಸಹಿ ಮಾಡಿದ್ರು. ನಾ ನಾಕನೇತ್ತೆ ಕಲ್ತಾಕಿ ತಮ್ಮಾ, ನನಗ ಸಹಿ ಮಾಡಾಕ ಬರ್ತಿತ್ತು. ಮಕ್ಕಳಾಗದ ಆಪರೇಷನ್ ಅಂತ ನನಗ ಗೊತ್ತಾಗಿದ್ದು ಎಲ್ಲಾ ಆದಮ್ಯಾಲ."

ನಾನು ಚಪ್ಪಲಿ ಬಿಟ್ಟು ಮಗ್ಗದ ಪಕ್ಕದಲ್ಲಿ ಕೂತೆ.

"ಎರಡು ಮಕ್ಕಳು ಸಾಕಾಗಿತ್ತು, ಖರೆ. ಕೇಳಿದ್ರ ನಾನೂ ಹೂಂ ಅಂತಿದ್ನೇನೋ. ಆದ್ರ ಕೇಳಬೇಕಿತ್ತಿಲ್ಲೋ? ಈಗ ಕೆಂಚೀನ್ನ ನಾ ಹೆಂಗ ಕೇಳ್ಲಿ?"

ಎಷ್ಟು ಹೋರಿಗಳ ಕಾಲು ಕಟ್ಟಿ ಕೆಡವಿದ್ದೇನೋ, ಎಷ್ಟು ನಾಯಿಗಳ ಬಾಯಿ ಬಿಗಿದಿದ್ದೇನೋ ಲೆಕ್ಕವಿಲ್ಲ. ಈ ಪ್ರಶ್ನೆ ನನ್ನ ತಲೆಗೆ ಒಮ್ಮೆಯೂ ಬಂದಿರಲಿಲ್ಲ. ಗೊತ್ತಿದ್ದುದನ್ನು ಹೇಳಿದೆ: ಹೀಗೇ ಬಿಟ್ಟರೆ ವರ್ಷಕ್ಕೆರಡು ಸಲ ಈಯುತ್ತದೆ, ಮೈ ಹಣ್ಣಾಗುತ್ತದೆ, ಮರಿಗಳೂ ಉಳಿಯುವುದಿಲ್ಲ. "ಮೂಕ ಪ್ರಾಣಿ, ಕೇಳಾಕ ಬರೂದಿಲ್ಲ. ಅದರ ಒಳ್ಳೇದು ನಾವ ನೋಡಬೇಕಲ್ಲಬೇ" ಎಂದೆ.

"ನಮ್ಮತ್ತೀನೂ ಹಿಂಗ ಅಂದಿರಬೇಕು."

ಇಷ್ಟು ಮೆತ್ತಗೆ ಆಕೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮನೆಗೆ ಹೋಗೋಣವೆಂದು ಚಪ್ಪಲಿ ಮೆಟ್ಟಿದೆ.

ಆಕೆ ಗುಂಡಿಯಿಂದ ಮೇಲೆದ್ದು ಬಂದು ಕೆಂಚಿಯ ಪಕ್ಕದಲ್ಲಿ ಕೂತಳು. ಜೋತುಬಿದ್ದ ಅದರ ಹೊಟ್ಟೆಯ ಮೇಲೆ ಕೈಯಾಡಿಸಿದಳು. ಆ ಮಳೆಗಾಲದಲ್ಲಿ ಕೆಂಚಿ ಆರು ಮರಿ ಹಾಕಿತ್ತು. ಎರಡು ಟ್ರ್ಯಾಕ್ಟರಿನ ಕೆಳಗೆ ಸಿಕ್ಕವು, ಮೂರು ರೋಗಕ್ಕೆ ಹೋದವು. ಕೊನೆಯದನ್ನು ನಾನೇ ಔಷಧ ಕೊಟ್ಟೂ ಉಳಿಸಲಾಗಲಿಲ್ಲ.

"ಸತ್ತ ಮರಿ ಬಾಯಾಗ ಹಿಡಕೊಂಡು ಎರಡು ದಿನ ಓಣಿತುಂಬ ತಿರಿಗ್ಯಾಡಿದ್ಲು" ಎಂದಳು. "ಯಾರು ಕಸಗೊಳ್ಳಾಕ ಹೋದ್ರೂ ಕೊಡಲಿಲ್ಲ. ನನ್ನ ಮುಂದ ತಂದು ಇಟ್ಲು."

ಆಮೇಲೆ ಸೆರಗಿನಿಂದ ಅರ್ಜಿ ಬಿಚ್ಚಿ, ನನ್ನ ಜೇಬಿನ ಪೆನ್ನು ಕೇಳಿ, ಮೊಣಕಾಲ ಮೇಲಿಟ್ಟುಕೊಂಡು 'ಹೌದು' ಎಂಬಲ್ಲಿ ಗುರುತು ಹಾಕಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು.

"ತಪ್ಪಾದ್ರ ತಪ್ಪು ನಂದು, ಇನ್ನೊಬ್ಬರದಲ್ಲ. ಆದ್ರ ನಾಳೆ ಆಕಿ ಸಂಗಾಟ ನಾ ಇರಾಕಿ."

"ಮಾಲೀಕರನ್ನ ಒಳಗ ಬಿಡೂದಿಲ್ಲಬೇ. ಅದು ರೂಲ್ಸ್."

ಖರೆ ಹೇಳಬೇಕೆಂದರೆ ಅಂಥ ರೂಲ್ಸು ಎಲ್ಲೂ ಬರೆದಿರಲಿಲ್ಲ. ರಕ್ತ ನೋಡಿ ಒಬ್ಬಿಬ್ಬರು ತಲೆ ಸುತ್ತಿ ಬಿದ್ದ ಮೇಲೆ ನಾನೇ ಮಾಡಿಕೊಂಡದ್ದು.

ಮರುದಿನ ಕೆಂಚಿಯನ್ನು ಹೆಗಲ ಮೇಲೆ ಹಾಕಿಕೊಂಡೇ ಬಂದಳು. ಕೊಯ್ಯುವಾಗ ಬೇಡ, ಆಮೇಲೆ ಜೊತೆಗಿರಲಿ ಎಂದು ಡಾಕ್ಟರ್ ಮೇಡಂ ಒಪ್ಪಿದರು. ನಾನು ಹಿಂದಿನ ಪಡಸಾಲೆಯಲ್ಲಿ ಗೋಣಿಚೀಲ ಹಾಸಿ, ಹೊಲಿಗೆ ಹಾಕಿದ ಕೆಂಚಿಯನ್ನು ತಂದು ಮಲಗಿಸಿದೆ. ಆಕೆ ಬರಿ ನೆಲದ ಮೇಲೆ ಕೂತು ಅದರ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಉಳಿದ ಮಾಲೀಕರು ಚಹಾದಂಗಡಿ ಸೇರಿದ್ದರು. ಊಟದ ಹೊತ್ತು ಮೀರಿತು, ಈಕೆ ಏಳಲಿಲ್ಲ.

"ಎಚ್ಚರಾಗಾಕ ಇನ್ನೂ ತಾಸು ಹಿಡಿತೈತಿ. ಹೋಗಿ ನಾಕು ತುತ್ತು ತಿಂದು ಬಾ ಅಕ್ಕಾ, ನಾ ನೋಡ್ತೇನಿ" ಎಂದೆ.

"ಬ್ಯಾಡೋ ತಮ್ಮಾ" ಎಂದಳು. "ಅವತ್ತು ನನಗ ಎಚ್ಚರಾದಾಗ ಹಂತ್ಯಾಕ ನಮ್ಮವರು ಒಬ್ರೂ ಇರಲಿಲ್ಲ. ಚಾಪಿ ಮ್ಯಾಲ ಸಾಲಾಗಿ ಹೆಂಗಸರು. ಬಾಯಿ ಒಣಗಿತ್ತು. ಯಾರನ್ನ ಕರೀಬೇಕು ತಿಳೀಲಿಲ್ಲ."

ನಾನು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಆಕೆಯ ಪಕ್ಕದಲ್ಲಿಟ್ಟು ಅಲ್ಲೇ ಕೂತೆ. ಒಳಗೆ ಕೆಲಸ ಬೇಕಾದಷ್ಟಿತ್ತು.

ಮೂರರ ಸುಮಾರಿಗೆ ಕೆಂಚಿ ಕಣ್ಣು ತೆರೆಯಿತು. ಏಳಲು ಹೋಗಿ ಕಾಲು ಸೋತು, ಸಣ್ಣಗೆ ಕುಂಯ್ ಎಂದಿತು. ಗುರುಲಿಂಗವ್ವ ಅದರ ಮುಖದ ಹತ್ತಿರ ಬಾಗಿದಳು.

"ಅಂಜಬ್ಯಾಡ. ನಾ ಇಲ್ಲೇ ಅದೇನಿ. ಮುಂಜಾನಿಂದ ಇಲ್ಲೇ ಅದೇನಿ" ಎಂದಳು.