ಡ್ರಿಲ್ಲಿಗೆ ಕೂಡಿಸಿದ ಗೋಡೆಯ ಸ್ವಿಚ್ಚು

ಸುಟ್ಟ ವೈರಿನ ವಾಸನೆ ಎಲ್ಲಿಂದ ಬಂದರೂ ನಾನು ಮೊದಲು ನನ್ನ ಕೈ ನೋಡಿಕೊಳ್ಳುತ್ತೇನೆ. ನಿನ್ನೆ ಪಕ್ಕದ ಮನೆಯಲ್ಲಿ ಯಾರೋ ಗೋಡೆ ಕೊರೆಯುತ್ತಿದ್ದರು. ವಾಸನೆ ಕಿಟಕಿಯಿಂದ ಒಳಗೆ ಬಂತು. ಓದುತ್ತಿದ್ದ ಪೇಪರು ಕೆಳಗಿಟ್ಟು ಕೈ ನೋಡಿಕೊಂಡೆ. ಈ ಸಲ ನನ್ನ ತಪ್ಪೇನೂ ಇರಲಿಲ್ಲ. ಆದರೂ ಮನಸ್ಸು ಬಳ್ಳಾರಿ ಇನ್ನೂ ಮದರಾಸಿಗೆ ಸೇರಿದ್ದ ಕಾಲಕ್ಕೆ ಹೋಗಿ ಕೂತಿತು. ಬನ್ನಿ, ನೀವೂ ಕೂತುಕೊಳ್ಳಿ. ಮರ್ಯಾದೆ ಹೋದ ಕಥೆ ಹೇಳುವಾಗ ಜೊತೆಗೆ ಯಾರಾದರೂ ಇದ್ದರೆ ಧೈರ್ಯ.

ಆಗ ನಾನು ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಮದುವೆಯಾಗಿ ಒಂದು ವರ್ಷವಾಗಿತ್ತು. ಹೆಂಡತಿ ನೀಲಮ್ಮ ಸಿರುಗುಪ್ಪದವಳು; ಅವಳ ತಂದೆ ಅಲ್ಲಿನ ಅಕ್ಕಿ ಗಿರಣಿಯಲ್ಲಿ ಫಿಟ್ಟರು. ನಾನು ಕರೆಂಟಿನ ಚಿತ್ರವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ, ಅವರು ಅದನ್ನು ಕೈಯಲ್ಲಿ ಹಿಡಿದು ದುಡಿಸುತ್ತಿದ್ದರು. ಇಬ್ಬರಲ್ಲಿ ಹೆಚ್ಚು ತಿಳಿದವರು ಯಾರು ಎಂಬ ಬಗ್ಗೆ ನನಗೆ ಆಗ ಸ್ವಲ್ಪವೂ ಸಂಶಯ ಇರಲಿಲ್ಲ.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಟ್ಟುಹೋದ ಸಾಮಾನಿನ ಹರಾಜಿನಲ್ಲಿ ಮಾವನವರಿಗೆ ಒಂದು ಕರೆಂಟಿನ ಡ್ರಿಲ್ಲು ಸಿಕ್ಕಿತ್ತು. ಡೊಳ್ಳುಹೊಟ್ಟೆಯ ಕಬ್ಬಿಣದ ಯಂತ್ರ. ಹಿಡಿಯಲ್ಲಿ ಬೆರಳಿನಿಂದ ಒತ್ತುವ ಸ್ವಿಚ್ಚು. ಗಿರಣಿಯ ಡೈನಮೋಕ್ಕೆ ಜೋಡಿಸಿ ಅದರಿಂದಲೇ ಅವರು ಅರ್ಧ ಕೆಲಸ ಮುಗಿಸುತ್ತಿದ್ದರು. ಬೇರೆ ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. ಪುಸ್ತಕದ ಕಪಾಟು ಮಾಡಿಕೊಳ್ಳುತ್ತೇನೆ, ಎಂಟು ದಿನ ಕೊಡಿ ಎಂದು ನಾನು ಕೇಳಿದಾಗ ಮೀಸೆ ಸವರಿಕೊಂಡರು. ಆಗ ನೀಲಮ್ಮ ನಡುವೆ ಬಂದಳು.

"ಕೊಡಪ್ಪಾ. ಹೆಂಗ ಒಯ್ದಾರ ಹಂಗ ತಂದು ಕೊಡತಾರ. ಇದು ನನ್ನ ಮಾತು."

"ಭತ್ತ ಬರೂದರಾಗ ಎಂಜಿನ್ ಬಿಚ್ಚಿ ಕಟ್ಟಬೇಕವ್ವಾ. ಅದು ಇಲ್ಲಂದ್ರ ನನ್ನ ಕೈನೇ ಇಲ್ಲದಂಗ," ಎಂದರು ಮಾವನವರು. ಎಂಟನೇ ದಿನ ತಾವೇ ಬಂದು ಒಯ್ಯುವುದಾಗಿ ಹೇಳಿ ಕೊಟ್ಟರು. ಅವರು ಕೊಟ್ಟದ್ದು ನನಗಲ್ಲ, ಮಗಳ ಮಾತಿಗೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಕಪಾಟಿನ ಮಾತು ಹಾಗಿರಲಿ. ನಾನು ಮೊದಲು ಮಾಡಿದ ಕೆಲಸ, ಡ್ರಿಲ್ಲನ್ನು ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ನನ್ನೂರು ಕುರುಗೋಡಿಗೆ ಹೋದದ್ದು. ಅಲ್ಲಿ ಅವ್ವ ಇದ್ದಳು, ತೋರಿಸಲೇಬೇಕಾದ ನೆಂಟರಿದ್ದರು, ನಮ್ಮ ಮನೆಯಲ್ಲಿ ಕರೆಂಟು ಮಾತ್ರ ಇರಲಿಲ್ಲ. ಹುಟ್ಟಿ ಬೆಳೆದ ಮನೆಯಲ್ಲಿ ಕರೆಂಟು ಇಲ್ಲವೆಂಬುದು ನನಗೆ ಗೊತ್ತಿರಲಿಲ್ಲವೇ ಎಂದು ಕೇಳಬೇಡಿ. ಗೊತ್ತಿತ್ತು.

"ತಿರಗೂದಿಲ್ಲಂದ್ರ ಯಾಕ ಹೊತ್ಕೊಂಡು ಬಂದೀಪಾ?" ಎಂದಳು ಅವ್ವ.

"ಬಳ್ಳಾರ್ಯಾಗ ತಿರಗತೈತಿ ಬೇ."

"ಹಂಗಾರ ತಡಿ, ಬರೀ ಹಣಿಲೇ ಒಯ್ಯಬ್ಯಾಡ. ವಿಭೂತಿ ಹಚ್ಚತೀನಿ."

ನಮ್ಮ ಮನೆಗೆ ಕುಂಟೆ ಬಂದರೂ ಅಷ್ಟೆ, ಹೊಲಿಗೆ ಯಂತ್ರ ಬಂದರೂ ಅಷ್ಟೆ. ವಿಭೂತಿ ಇಲ್ಲದೆ ಹೊಸ್ತಿಲು ದಾಟುವಂತಿರಲಿಲ್ಲ. ಅವ್ವ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಡ್ರಿಲ್ಲಿನ ಹಣೆ ಎಲ್ಲಿದೆ ಎಂದು ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ಸ್ವಿಚ್ಚೇ ಹಣೆ ಎಂದು ತೀರ್ಮಾನಿಸಿದಳು. ಮೂರು ಬೆರಳಿನಿಂದ ದಪ್ಪಗೆ ಎಳೆದಳು. ಕಾಯಿ ಒಡೆದು ಆ ನೀರನ್ನೂ ಅಲ್ಲಿಗೇ ಬಿಟ್ಟಳು. ನೀರಿಗೂ ಕರೆಂಟಿಗೂ ಆಗಿಬರುವುದಿಲ್ಲವೆಂದು ಹುಡುಗರಿಗೆ ವಾರವಾರವೂ ಹೇಳುತ್ತಿದ್ದ ನಾನು ಪಕ್ಕದಲ್ಲಿ ಕೈಮುಗಿದುಕೊಂಡು ನಿಂತಿದ್ದೆ.

ಬಳ್ಳಾರಿಗೆ ಬಂದು ಒತ್ತಿದರೆ ಡ್ರಿಲ್ಲು ಮಿಸುಕಲಿಲ್ಲ. ಬಿಚ್ಚಿದೆ. ಸ್ವಿಚ್ಚಿನ ಒಳಗೆಲ್ಲ ವಿಭೂತಿ ಗಾರೆಯಂತೆ ಕೂತಿತ್ತು. ಕೆರೆಯಲು ಹೋದಾಗ ಸ್ಪ್ರಿಂಗು ಹಾರಿ ಬಚ್ಚಲು ಸೇರಿತು, ಉಳಿದದ್ದು ಎರಡು ತುಂಡಾಯಿತು. ಮಾವನವರು ಬರುವುದಕ್ಕೆ ಇನ್ನು ಮೂರೇ ದಿನ. ನೀಲಮ್ಮ ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು.

"ಅಪ್ಪಗ ನಾ ಏನಂತ ಹೇಳ್ಲಿ?" ಎಂದಳು, ಅಷ್ಟೆ.

ಅಂಥ ಸ್ವಿಚ್ಚು ಊರಲ್ಲೆಲ್ಲೂ ಸಿಗಲಿಲ್ಲ. ಒಬ್ಬ ಅಂಗಡಿಯವನು ಗೋಡೆಗೆ ಹಾಕುವ ಪಿತ್ತಳೆ ಮುಚ್ಚಳದ ಸ್ವಿಚ್ಚು ಕೊಟ್ಟು, "ಇದು ಗೋಡಿನೋ ಮಿಷನ್ನೋ ಅಂತ ಕರೆಂಟಿಗೇನು ಗೊತ್ತಾಗತೈತ್ರಿ ಸಾರ್?" ಎಂದ. ವಿಜ್ಞಾನದ ದೃಷ್ಟಿಯಿಂದ ಮಾತು ಸರಿಯಾಗಿತ್ತು. ಮರದ ಬಿಲ್ಲೆಯ ಮೇಲೆ ಅದನ್ನು ಕೂಡಿಸಿ ಡ್ರಿಲ್ಲಿನ ಹಿಡಿಗೆ ಬಿಗಿದೆ. ಎರಡು ವೈರು, ಎರಡು ಸ್ಕ್ರೂ, ಇದರಲ್ಲಿ ಯೋಚಿಸುವುದೇನಿದೆ? ಕರೆಂಟು ತರುವ ಎರಡೂ ವೈರುಗಳನ್ನು ಸೀದಾ ಸ್ವಿಚ್ಚಿನ ಎರಡು ಸ್ಕ್ರೂಗಳಿಗೆ ಕೊಟ್ಟು ಒತ್ತಿದೆ. ಢಬ್ ಎಂದು ಫ್ಯೂಸು ಹೋಯಿತು. ಜೊತೆಗೆ ಮನೆ ಮಾಲೀಕರ ಫ್ಯೂಸೂ ಹೋಯಿತು. ನನ್ನ ಬೆರಳಿನ ತುದಿ ಕಪ್ಪಾಯಿತು. ಎರಡನೇ ಸಲ, ಹುಡುಗರಿಗೆ ನಾನೇ ಬರೆಸಿದ ನೋಟ್ಸು ತೆಗೆದು ನೋಡಿಕೊಂಡು ಜೋಡಿಸಿದೆ. ಡ್ರಿಲ್ಲು ತಿರುಗಿತು. ಹಿಡಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಅದು ಯಂತ್ರದ ಶಕ್ತಿಯೆಂದು ನೀಲಮ್ಮನಿಗೆ ವಿವರಿಸಿ ಶಾಲೆಗೆ ಹೋದೆ. ಅವಳು ಡ್ರಿಲ್ಲಿನ ಹಿಡಿಯನ್ನೇ ನೋಡುತ್ತಿದ್ದಳು.

ಮಾವನವರು ಭಾನುವಾರ ಬಂದರು. ನನ್ನ ಕೈಚಳಕ ನೋಡಲು ಪಕ್ಕದ ಮನೆಯ ಡ್ರಾಯಿಂಗ್ ಮಾಸ್ತರನ್ನೂ ಕರೆದಿದ್ದೆ. ಪಿತ್ತಳೆ ಸ್ವಿಚ್ಚನ್ನು ಕಂಡು ಮಾವನವರು ಡ್ರಿಲ್ಲನ್ನು ತಲೆಕೆಳಗಾಗಿ ಹಿಡಿದರು.

"ಬೋರಲ ಹಿಡದ್ರ ಇದನ್ನ ಮ್ಯಾಲ ಒತ್ತಬೇಕೋ ಕೆಳಗ ಒತ್ತಬೇಕೋ, ಅಳಿಯಂದ್ರ?"

ಉತ್ತರಕ್ಕೆ ಕಾಯದೆ ಒತ್ತಿದರು. ಡ್ರಿಲ್ಲು ಗುಂಯ್ಯೆಂದು ತಿರುಗಿತು. ಅವರು ಕೈ ಕೊಡವಲಿಲ್ಲ. ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟವನು ನಾನು. ಮುಚ್ಚಳ ಬಿಚ್ಚಿದರು, ನಾನೂ ಬಗ್ಗಿ ನೋಡಿದೆ. ನಾನು ಹಿಡಿಗೆ ತಾಗುವಂತೆ ಚಾಚಿ ಬಿಟ್ಟಿದ್ದ ತಂತಿಯ ಎಳೆಗಳು ಅಲ್ಲಿರಲಿಲ್ಲ. ವೈರಿನ ತುದಿಗಳು ಹೆಣೆದುಕೊಂಡು ಕೂತಿದ್ದವು. ಎಳೆದರೂ ಸ್ಕ್ರೂಗಳ ಮೇಲೆ ಭಾರ ಬೀಳದಂತೆ, ವೈರು ಒಳಬರುವ ಕಡೆ ಒಂದು ಪುಟ್ಟ ಗಂಟು. ಅಂಥ ಗಂಟನ್ನು ನಾನು ಜನ್ಮದಲ್ಲಿ ಹಾಕಿದವನಲ್ಲ.

"ಈ ಗಂಟು ನಮ್ಮ ಗಿರಣಿದು," ಎಂದರು ಮಾವನವರು. "ಯಾರು ಹಾಕಿದ್ದು?"

"ನಮ್ಮ ಸೈನ್ಸ್ ಮಾಸ್ತರ್ ಅಲ್ರೀ ಮತ್ತ! ಎಲ್ಲಾ ಅವರದೇ ಕೈ," ಎಂದರು ಡ್ರಾಯಿಂಗ್ ಮಾಸ್ತರರು.

ಮಾವನವರು ನನ್ನ ಮುಖ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ನೀಲಮ್ಮ ಚಹಾ ಹಿಡಿದು ನಿಂತಿದ್ದಳು. ಅಲ್ಲ, ಅವಳು ಹಾಕಿದ್ದು ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನಾನು ವಿನಯದಿಂದ ನಕ್ಕೆ. ಆ ನಗು ನೆನಪಾದರೆ ನನಗೆ ಈಗಲೂ ನನ್ನ ಮೇಲೆ ಸಿಟ್ಟು ಬರುತ್ತದೆ.

"ಛಲೋ ಆಗೇತಿ," ಎಂದು ಅವರು ಮುಚ್ಚಳ ತಿರುಗಿಸಿ, ಚಹಾ ಕುಡಿದು, ಸಿರುಗುಪ್ಪದ ಬಸ್ಸಿಗೆ ಹೋದರು.

ಆಮೇಲೆ ನಾನು ಓಣಿಯಲ್ಲಿ ಹೆಸರುವಾಸಿಯಾದೆ. ಯಾರದಾದರೂ ಇಸ್ತ್ರಿಪೆಟ್ಟಿಗೆ ಕೆಟ್ಟರೆ, ಟೇಬಲ್ ಫ್ಯಾನು ನಿಂತರೆ ನನ್ನ ಬಳಿ ತರುತ್ತಿದ್ದರು. "ಇಟ್ಟು ಹೋಗ್ರಿ, ನಾಳೆ ನೋಡೋಣು" ಎನ್ನುತ್ತಿದ್ದೆ. ನಾನು ಶಾಲೆಯಿಂದ ಬರುವ ಹೊತ್ತಿಗೆ ಅದು ಸರಿಯಾಗಿರುತ್ತಿತ್ತು. ನಾವಿಬ್ಬರೂ ಅದರ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ.

ನಿನ್ನೆ ಎದ್ದು ಒಳಗೆ ಹೋದೆ. ನೀಲಮ್ಮ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದಳು.

"ಅವತ್ತು ನಿಮ್ಮಪ್ಪನ ಮುಂದ ನಾ ಹೇಳಬೇಕಾಗಿತ್ತು. ಅದು ನಿನ್ನ ಕೆಲಸ ಅಂತ."

ಅವಳು ತಲೆ ಎತ್ತಲಿಲ್ಲ. "ಅಪ್ಪ ಇರೂತನಕ ಕೇಳತಿದ್ದ. ನಾ ಊರಿಗೆ ಹೋದಾಗೆಲ್ಲಾ. ಅಳಿಯಂದ್ರು ಒಪ್ಪಿಕೊಂಡ್ರೇನವ್ವಾ, ಅಂತ."

"ನೀ ಏನಂತಿದ್ದಿ?"

"ಅವತ್ತು ನೀ ಬಸ್ಸು ಹತ್ತಿದ ಕೂಡ್ಲೇ ಒಪ್ಪಿಕೊಂಡ್ರಪ್ಪಾ, ಅಂತಿದ್ದೆ."

ನಾನು ಅವಳೆದುರು ಕೂತೆ. "ಹೇಳಿದ ಮ್ಯಾಲೂ ಮತ್ತ ಮತ್ತ ಯಾಕ ಕೇಳತಿದ್ದರು?"

"ನನ್ನ ಎಲ್ಲಾ ಮಾತೂ ನಂಬತಿದ್ದ," ಎಂದಳು. "ಅದೊಂದು ನಂಬಲಿಲ್ಲ."