ಜಿನಮತಿ ಅಕ್ಕೋರ ಗೇಟಿನ ಪರೀಕ್ಷೆ

ಕಾಗವಾಡದಿಂದ ನಾಲ್ಕು ಕಿಲೋಮೀಟರು ಆಚೆಗಿನ ಆ ಹಳ್ಳಿಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ಪರೀಕ್ಷೆ ಮಾರ್ಚಿನಲ್ಲಲ್ಲ, ದಿನಾ ಬೆಳಿಗ್ಗೆ ಒಂಬತ್ತೂವರೆಗೆ, ಗೇಟಿನಲ್ಲೇ. ಇಂಗ್ಲಿಷ್ ಕಲಿಸುವ ಜಿನಮತಿ ಅಕ್ಕೋರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅಲ್ಲಿ ಕೂತರೆಂದರೆ, ಒಂದು ಇಂಗ್ಲಿಷ್ ವಾಕ್ಯ ಹೇಳದೆ ಒಂದು ನರಪಿಳ್ಳೆಯೂ ಒಳಗೆ ಹೋಗುವಂತಿಲ್ಲ. ವಾಕ್ಯದಲ್ಲಿ ‘ಟು’ ಇರಬೇಕು, ಅದರ ಬೆನ್ನಿಗೇ ಕ್ರಿಯಾಪದ ಇರಬೇಕು. ಹೆಡ್‌ಮಾಸ್ತರರು ಕೂಡ ಒಮ್ಮೊಮ್ಮೆ ಹಿಂದಿನ ಬಾಗಿಲಿನಿಂದ ಬರುತ್ತಾರೆಂದು ಮಕ್ಕಳು ಹೇಳುತ್ತಾರೆ. ನಾನಂತೂ ನಂಬುತ್ತೇನೆ.

ಇದು ಸುಮ್ಮನೆ ಹುಟ್ಟಿದ ಹಟವಲ್ಲ. ಇಪ್ಪತ್ತಾರು ವರ್ಷ ಉತ್ತರಪತ್ರಿಕೆ ತಿದ್ದಿ ತಿದ್ದಿ ಅಕ್ಕೋರ ಜೀವ ಹಣ್ಣಾಗಿತ್ತು. ಒಬ್ಬ ‘ಟು ವೆಂಟ್’ ಎಂದು ಬರೆಯುತ್ತಿದ್ದ, ಇನ್ನೊಬ್ಬಳು ‘ಫಾರ್ ಟು ಈಟ್’ ಎಂದು. ಕೊನೆಗೆ ಅವರು ಪುಸ್ತಕ ಬದಿಗಿಟ್ಟು ತಮ್ಮದೇ ದಾರಿ ಹಿಡಿದರು.

“ನೋಡ್ರಿ, ಕನ್ನಡದಾಗ ಏನಂತೀವಿ? ಹೋಗಾಕ. ಮರಾಠಿಯಾಗ? ಜಾಯಲಾ. ಇಂಗ್ಲಿಷಿನ್ಯಾಗ ಟು ಗೋ. ನಾವು ಬಾಲ ಹಿಂದ ಹಚ್ಚತೀವಿ, ಅವರು ಮುಂದ ಹಚ್ಚತಾರ. ಇಷ್ಟ ಫರಕ. ಒಮ್ಮೆ ಟು ಬಂತಂದ್ರ ಮುಂದಿನ ಕ್ರಿಯಾಪದಕ್ಕ ಭೂತಕಾಲದ ಅಂಗಿ ತೊಡಸಬ್ಯಾಡ್ರಿ, ಎಸ್ ಹಚ್ಚಬ್ಯಾಡ್ರಿ, ಐಎನ್‌ಜಿ ಹಚ್ಚಬ್ಯಾಡ್ರಿ. ಇದ್ದಂಗ ಬಿಡ್ರಿ.”

ಮೇಕ್, ಲೆಟ್ ಎಂಬ ಇಬ್ಬರು ಸೊಕ್ಕಿನ ಅಕ್ಕತಂಗಿಯರು ಮಾತ್ರ ಟುವನ್ನು ತಮ್ಮ ಅಂಗಳಕ್ಕೆ ಬಿಟ್ಟುಕೊಳ್ಳುವುದಿಲ್ಲ, ಅವರ ಗೊಡವೆಗೆ ಹೋಗಬೇಡಿ ಎಂದು ಎಚ್ಚರಿಸುತ್ತಿದ್ದರು. ಎರಡು ಭಾಷೆಯ ಮಧ್ಯೆ ಬೆಳೆದ ಗಡಿಯ ಮಕ್ಕಳಿಗೆ ಮೂರನೆಯದು ಹೀಗೆ ಸಲೀಸಾಗಿ ಹೊಕ್ಕಿತು.

ಗೇಟಿನಲ್ಲಿ ಕೇಳುವ ಪ್ರಶ್ನೆ ಒಂದೇ: ಯಾಕೆ ಬಂದಿ? ಹುಡುಗರಿಗೆ ಸುಲಭದ ಉತ್ತರವೂ ಒಂದೇ: “ಐ ಕೇಮ್ ಟು ಈಟ್ ಎಗ್.” ಬಿಸಿಯೂಟದ ಮೊಟ್ಟೆ ತಿನ್ನಲು ಬಂದೆ! ಅಕ್ಕೋರು ಜೈನರು, ಹೊತ್ತು ಮುಳುಗಿದ ಮೇಲೆ ನೀರು ಮುಟ್ಟಲೂ ಯೋಚಿಸುವವರು. ಮೂಗು ಮುರಿಯುತ್ತಲೇ “ಆ್ಯನ್ ಎಗ್ ಅನ್ನಲೇ” ಎಂದು ತಿದ್ದಿ ಒಳಗೆ ಬಿಡುತ್ತಿದ್ದರು. ತಿನ್ನುವುದು ಅವನ ಕರ್ಮ, ವ್ಯಾಕರಣ ತಮ್ಮ ಧರ್ಮ. ವಾಕ್ಯ ಸರಿಯಿದ್ದರೆ “ವೆರಿ ಗುಡ್, ಮುಂದ ನಡಿ.” ಆ ಎರಡು ಶಬ್ದ ಅವರ ಬಾಯಲ್ಲಿ ದಿನಕ್ಕೆ ನಲವತ್ತು ಸಲ ಬರುತ್ತಿದ್ದವು. ನನಗೆ ಈ ಹೆಂಗಸಿನ ಮೇಲೆ ಎಷ್ಟು ಪ್ರೀತಿಯಿದ್ದರೂ ಒಂದು ಮಾತು ಹೇಳಲೇಬೇಕು: ನಲವತ್ತು ಸಲ ಬರುವ ಮಾತನ್ನು ಆಡುವಾಗ ಮನಸ್ಸು ಬೇರೆಲ್ಲೋ ಇರುತ್ತದೆ.

ಕುರಿ ಕಾಯುವ ಮಾಳೇಶನ ಮಗಳು ಭಾಗ್ಯಾ ಎಂಟನೆಯ ತರಗತಿಯಲ್ಲಿ ಇದೇ ಗೇಟಿನಲ್ಲಿ ಬಾಯಿ ಬಾರದೆ ಅತ್ತವಳು. ಒಂಬತ್ತಕ್ಕೆ ಬರುವಷ್ಟರಲ್ಲಿ ಮೂರು ಶಬ್ದ ಕೂಡಿಸಿದಳು. ಹತ್ತಕ್ಕೆ ಬಂದಾಗ ಅವಳ ಸರದಿಗಾಗಿ ಅಕ್ಕೋರೇ ಕಾಯುವಂತಾಯಿತು. ತರಗತಿಯಲ್ಲಿ ಉಳಿದಂತೆ ಅವಳು ಮಾತೇ ಆಡುತ್ತಿರಲಿಲ್ಲ. ಅವಳು ಅಕ್ಕೋರ ಮುಂದೆ ಬಾಯಿಬಿಡುತ್ತಿದ್ದದ್ದು ಗೇಟಿನಲ್ಲಿ ಮಾತ್ರ, ಅದೂ ಇಂಗ್ಲಿಷಿನಲ್ಲಿ.

ದೀಪಾವಳಿ ಮುಗಿದ ವಾರದ ಶುಕ್ರವಾರ ಭಾಗ್ಯಾ ಹೇಳಿದಳು: “ಮೈ ಫಾದರ್ ವಾಂಟ್ಸ್ ಟು ಟೇಕ್ ಮಿ ವಿತ್ ದ ಶೀಪ್.”

ಅಪ್ಪ ನನ್ನನ್ನು ಕುರಿಯ ಜೊತೆ ಕರೆದುಕೊಂಡು ಹೋಗಬೇಕೆಂದಿದ್ದಾನೆ ಎಂದಿದ್ದಳು ಹುಡುಗಿ. ಅಕ್ಕೋರು ಕೇಳಿಸಿಕೊಂಡದ್ದು ಬೇರೆ. ವಾಂಟ್‌ಗೆ ಎಸ್ ಬಂತು, ಅದರ ಹಿಂದೆ ಟು ಬಂತು, ಟೇಕ್ ಇದ್ದಂತೆಯೇ ಉಳಿಯಿತು! ಖುಷಿಯಿಂದ ಬೆನ್ನು ತಟ್ಟಿ “ವೆರಿ ಗುಡ್” ಎಂದರು.

ಶನಿವಾರ ಇನ್ನೂ ಉದ್ದದ್ದು: “ಐ ವಾಂಟ್ ಟು ಸ್ಟೇ ಅಂಡ್ ರೈಟ್ ದ ಎಕ್ಸಾಮ್.” ಇಲ್ಲೇ ಉಳಿದು ಪರೀಕ್ಷೆ ಬರೆಯಬೇಕು ನನಗೆ. ಹೇಳಿ ಮುಂದೆ ಸರಿಯದೆ ನಿಂತೇ ಇದ್ದಳು.

“ವೆರಿ ಗುಡ್, ವೆರಿ ಗುಡ್. ಸರಿ ಮುಂದ, ಹಿಂದ ಲೈನ್ ನಿಂತೈತಿ” ಎಂದರು ಅಕ್ಕೋರು.

ಸೋಮವಾರ ಭಾಗ್ಯಾ ಬರಲಿಲ್ಲ. ಗೈರುಹಾಜರಿ ಹಾಕುವಾಗ ಬಿಸಿಯೂಟದ ತುಳಸವ್ವ ಬಾಗಿಲಲ್ಲಿ ನಿಂತು ಹೇಳಿದಳು: “ಆ ಹುಡುಗಿನ್ನ ಇನ್ನ ಹುಡಕಬ್ಯಾಡ್ರಿ ಅಕ್ಕೋರ. ಮಾಳೇಶನ ಕುರಿ ನಿನ್ನಿ ನಸಿಕಿನ್ಯಾಗ ಹ್ವಾದುವಲ್ರಿ. ಈ ಸಲ ಆಕಿನ್ನೂ ಕರಕೊಂಡ ಹೋಗ್ಯಾರ.”

ಮಾಳೇಶನ ಹಾದಿ ಊರಿಗೇ ಗೊತ್ತು. ಕೃಷ್ಣೆ ದಾಟಿ ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಕೊಗನೊಳ್ಳಿ, ಅಲ್ಲಿಂದ ಘಟ್ಟದ ಕೆಳಗೆ. ತಿರುಗಿ ಬರುವುದು ಮಳೆಗಾಲ ಹತ್ತಿರವಾದಾಗ. ಅಷ್ಟರಲ್ಲಿ ಪರೀಕ್ಷೆ ಮುಗಿದು ಫಲಿತಾಂಶವೂ ಬಂದಿರುತ್ತದೆ. ಶುಕ್ರವಾರದ ವಾಕ್ಯ, ಶನಿವಾರದ ವಾಕ್ಯ ಈಗ ಅಕ್ಕೋರಿಗೆ ಒಂದೊಂದೇ ಶಬ್ದವಾಗಿ ಕೇಳಿಸಿದವು. ಅವರು ಹಾಜರಿ ಪುಸ್ತಕ ಮುಚ್ಚಿ, ಅರ್ಧ ದಿನದ ರಜೆ ಬರೆದುಕೊಟ್ಟು, ದ್ರಾಕ್ಷಿ ತೋಟದಲ್ಲಿ ಔಷಧ ಹೊಡೆಯುತ್ತಿದ್ದ ಗಂಡ ನೇಮಿನಾಥರ ಮುಂದೆ ಹೋಗಿ ನಿಂತರು.

“ಗಾಡಿ ತಗೀರಿ.”

“ಅರ್ಧಾ ತ್ವಾಟಾ ಉಳದೈತಿ...” ಎಂದು ಬಾಯಿತೆರೆದ ನೇಮಿನಾಥರು ಹೆಂಡತಿಯ ಮುಖ ನೋಡಿ ಸುಮ್ಮನೆ ಕೈ ತೊಳೆದುಕೊಂಡರು.

ರಾಯಬಾಗದ ಕಡೆ ಕಬ್ಬು ಕಡಿದ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಕುರಿ ಕೂಡಿಸಿದ್ದರು. ಮಾಳೇಶ ಗಡಬಡಿಸಿ ಕಂಬಳಿ ಹಾಸಿದ. ಅವನ ತಾಯಿ ಭೀಮಾಬಾಯಿ ಮೊಣಕಾಲು ನೀವಿಕೊಳ್ಳುತ್ತ ಒಲೆಯ ಮುಂದಿದ್ದಳು. ಭಾಗ್ಯಾ ಎಳೆಯ ಮರಿಯೊಂದನ್ನು ಎತ್ತಿಕೊಂಡು ದೂರದಲ್ಲೇ ನಿಂತಳು, ಹತ್ತಿರ ಬರಲಿಲ್ಲ.

“ಹೇಳದ ಕೇಳದ ಹುಡುಗಿನ್ನ ಹೆಂಗ ಕರಕೊಂಡ ಬಂದ್ರಿ, ಮಾಳೇಶಪ್ಪ?” ಅಕ್ಕೋರ ದನಿ ಏರಿಯೇ ಇತ್ತು.

ಮಾಳೇಶ ಗಾಬರಿಯಾದ. “ಕೇಳದ ಬಂದಿಲ್ರಿ ಅಕ್ಕೋರ. ಅವ್ವನ ಮಣಕಾಲ ನಡ್ಯಾಕ ಒಲ್ಲೆ ಅಂತಾವ, ಮರಿ ನೋಡಾಕ ಒಂದ ಕೈ ಬೇಕಿತ್ತು. ಆದ್ರೂ ಈಕಿಗೆ ಹೇಳೀನ್ರಿ, ಅಕ್ಕೋರ ಮುಂದ ಹೇಳು, ಅವರ ಬ್ಯಾಡ ಅಂದ್ರ ಬಿಟ್ಟ ಹೋಗೂ ದಾರಿ ಹುಡಕತೀನಿ ಅಂತ. ಎರಡ ದಿನ ಹೇಳಿ ಬಂದ್ಲು. ಏನಂದ್ರು ಅಂತ ಕೇಳಿದ್ರ, ‘ವೆರಿ ಗುಡ್ ಅಂದ್ರು’ ಅಂದ್ಲು. ಓದಿದಾವ್ರು ನೀವ ಗುಡ್ ಅಂದ ಮ್ಯಾಲ ನಂದೇನೈತ್ರಿ?”

ಅಕ್ಕೋರ ಏರಿದ್ದ ದನಿ ಎಲ್ಲಿಗೆ ಹೋಯಿತೋ. ಕಂಬಳಿಯ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಇಪ್ಪತ್ತಾರು ವರ್ಷದಲ್ಲಿ ಮಕ್ಕಳ ಎದುರು ಅವರು ಅತ್ತದ್ದು ಅದೇ ಮೊದಲು.

“ತಪ್ಪ ನಂದು. ಹುಡುಗಿ ಛಲೋತ್ನಾಗಿ ಹೇಳ್ಯಾಳ, ಎರಡೂ ದಿನ. ನಾ ಟು ಬಂತೋ ಇಲ್ಲೋ ಅಷ್ಟ ನೋಡಿದ್ನಿ. ಏನ ಹೇಳಾಕತ್ತಾಳ ಅಂತ ಕಿವಿ ಕೊಡಲಿಲ್ಲ.”

“ಊರಾಗ ಆಕಿ ಕೂಡ ಯಾರದಾರ್ರಿ?” ಮಾಳೇಶ ಮೆತ್ತಗೆ ಕೇಳಿದ. “ತಾಯಿಲ್ಲದ ಹೆಣ್ಣಹುಡುಗಿ. ಇಷ್ಟ ವರ್ಷ ನನ್ನ ತಂಗಿ ಕೂಡ ಇದ್ಲು, ಈಗ ಆಕೀದೂ ಲಗ್ನ ಆತು. ಒಬ್ಬಾಕಿನ್ನ ಹೆಂಗ ಬಿಡ್ಲಿ?”

“ನಮ್ಮ ಮನ್ಯಾಗ ಇರ್ಲಿ. ಹೊತ್ತ ಮುಳಗೂದ್ರಾಗ ಊಟಾ ಮುಗೀತೈತಿ, ಉಳ್ಳಾಗಡ್ಡಿ ಕಾಣಸೂದಿಲ್ಲ, ಅಷ್ಟ ತ್ರಾಸು.”

“ತತ್ತಿ ಬೇಕಂದ್ರ ಶಾಲ್ಯಾಗ ಕೊಡತಾರ” ಎಂದು ನೇಮಿನಾಥರು ನಡುವೆ ಹಾಕಿದರು. ಭೀಮಾಬಾಯಿ ನಕ್ಕುಬಿಟ್ಟಳು.

“ಮರಿ ನಾ ನೋಡಕೋತೀನಿ ಬಿಡೋ” ಎಂದಳು ಮುದುಕಿ ಮಗನಿಗೆ. “ಸಾಮಾನ ಹೊರೂ ಕುದರಿ ಮ್ಯಾಲ ನನ್ನ ಕುಂದರ್ಸು. ಮಣಕಾಲ ನಂದು, ಅಳೂದ ಆಕೀದು, ಇದೆಲ್ಲೀ ನ್ಯಾಯ? ನಿನ್ನಿಯಿಂದ ರೊಟ್ಟಿ ಮುಟ್ಟಿಲ್ಲ ಆ ಹುಡುಗಿ.”

ಮಾಳೇಶ ಕೈ ಜೋಡಿಸಿದ.

“ನನಗ ಇಂಗ್ಲಿಷ್ ತಿಳೀದಿಲ್ರಿ ಅಕ್ಕೋರ. ನಮ್ಮ ಮಾತಿನ್ಯಾಗ ಬಾಯಿಬಿಟ್ಟ ಹೇಳ್ರಿ. ಈಕಿ ಇರಬೇಕೋ, ಹೋಗಬೇಕೋ?”

“ಇರಬೇಕು” ಎಂದರು ಅಕ್ಕೋರು. ಅಷ್ಟು ಸಾಲದೆನಿಸಿ ಹುಡುಗಿಯ ಕಡೆ ತಿರುಗಿ, ಅವಳಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದರು: “ನೀ ನನಗ ಬೇಕವಾ, ಭಾಗ್ಯಾ.”

ಭಾಗ್ಯಾ ಮರಿಯನ್ನು ಅಜ್ಜಿಯ ಮಡಿಲಿಗೆ ಹಾಕಿದಳು. ಅಪ್ಪ ಹೂಂ ಅನ್ನುವುದಕ್ಕೂ ಕಾಯದೆ, ಕುದುರೆಯ ಬೆನ್ನ ಮೇಲಿದ್ದ ಪುಸ್ತಕದ ಗಂಟು ಬಿಚ್ಚಲು ಓಡಿದಳು.